ಕನ್ನಪ್ಪನ ಬಲಗೈ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಮಿಲಿಟರಿಯಲ್ಲಿ ಹನ್ನೆರಡು ವರ್ಷ ಬಾಕ್ಸಿಂಗ್ ಆಡಿ, ಕಾರ್ಗಲ್ಲಿನ ಅಣೆಕಟ್ಟಿನ ಕೆಲಸಕ್ಕೆ ಕಾವಲುಗಾರರ ಮುಖ್ಯಸ್ಥನಾಗಿ ಬಂದವನು ನಾನು. ಅಲ್ಲಿ ಜಲ್ಲಿ ಒಡೆಯುತ್ತಿದ್ದ ಕನ್ನಪ್ಪನ ಬಲಗೈ ನೋಡಿ, ಇವನನ್ನು ಬಾಕ್ಸರ್ ಮಾಡಬೇಕೆಂದು ಆಸೆಪಟ್ಟೆ.

ಅರವತ್ತಮೂರರ ಕೊನೆ. ಜನವರಿಯ ಬಾಕ್ಸಿಂಗ್ ಪಂದ್ಯದಲ್ಲಿ ಗೆದ್ದವನಿಗೆ ಕಾವಲುಗಾರನ ಖಾಯಂ ಕೆಲಸ, ಜೊತೆಗೆ ಕಾಲೋನಿಯಲ್ಲಿ ಮನೆ ಎಂದು ಅಣೆಕಟ್ಟಿನ ಸಾಹೇಬರು ಹೇಳಿದ್ದರು. ಮುಂದಿನ ಮಳೆಗಾಲಕ್ಕೆ ಕನ್ನಪ್ಪನ ಮನೆ ಅಣೆಕಟ್ಟಿನ ನೀರಿನಲ್ಲಿ ಮುಳುಗುವುದಿತ್ತು. "ಅವ್ವನ್ನ ಎಲ್ಲಿಗೆ ಕರ್ಕೊಂಡ್ ಹೋಗ್ಲಿ ಸಾರ್? ನಂಗೆ ಕಲ್ಸಿ" ಅಂದ.

ಕಲಿಸಿದೆ. ಮೊದಮೊದಲು ಸುತ್ತಿಗೆ ಎತ್ತಿದ ಹಾಗೆ ಕೈಯನ್ನು ಹಿಂದಕ್ಕೆ ಎಳೆದು ಬೀಸುತ್ತಿದ್ದ. "ಲೇ ಬಡ್ಡಿಮಗನೆ, ಬರ್ತಾ ಇದೀನಿ ಅಂತ ಕಾಗ್ದ ಬರ್ದು ತಿಳಿಸ್ತೀಯೇನೋ?" ಎಂದು ಬೈದೆ. ಎಡಗೈ ಬಾಗಿಲು ತಟ್ಟಬೇಕು, ಬಲಗೈ ಒಳಗೆ ನುಗ್ಗಬೇಕು. ಮೊದಲು ಹಿಂದಿನ ಕಾಲಿನ ಹಿಮ್ಮಡಿ ತಿರುಗಬೇಕು, ಆಮೇಲೆ ಸೊಂಟ, ಕೊನೆಗೆ ಕೈ. ಹೊಡೆದ ಕೈ ಹೋದ ದಾರಿಯಲ್ಲೇ ಗಲ್ಲಕ್ಕೆ ವಾಪಸ್ಸು ಬರಬೇಕು. ಗೋಣಿಚೀಲಕ್ಕೆ ಮರಳು ತುಂಬಿ ಮತ್ತಿಮರಕ್ಕೆ ನೇತುಹಾಕಿದ್ದೆವು. ಎರಡು ತಿಂಗಳಲ್ಲಿ ಅವನ ಏಟು ನೂಲು ಹಿಡಿದ ಹಾಗೆ ನೇರವಾಯಿತು.

ಪಂದ್ಯದಲ್ಲಿ ಅವನ ಎದುರಾಳಿ, ದೂರದ ಊರಿನಿಂದ ಬಂದಿದ್ದ ಕ್ರೇನ್ ಡ್ರೈವರ್. ಮೂರನೇ ಸುತ್ತಿನಲ್ಲಿ ಕನ್ನಪ್ಪ ಎರಡು ಸಲ ಎಡಗೈ ತಟ್ಟಿ, ಬಲಗೈ ಬಿಟ್ಟ. ಅಬ್ಬಬ್ಬಾ! ಡ್ರೈವರನ ಮೊಣಕಾಲು ಮಡಚಿತು. ಬೀಳಲಿಲ್ಲ, ಬರೇ ತೂರಾಡಿದ. ಇನ್ನೊಂದು ಏಟು ಸಾಕಿತ್ತು.

ಕನ್ನಪ್ಪನ ಊರಿನ ಕುಸ್ತಿಯಲ್ಲಿ ಎದುರಿನವನ ಮೊಣಕಾಲು ಮಡಚಿತೆಂದರೆ ಆಟ ಮುಗಿಯಿತು. ಗೆದ್ದವನೇ ಕೈಕೊಟ್ಟು ಅವನನ್ನು ಎತ್ತಬೇಕು. ಕನ್ನಪ್ಪ ನಗುತ್ತಾ ಅದೇ ಬಲಗೈಯನ್ನು ಮುಂದೆ ಚಾಚಿದ. "ಕೈ ಮೇಲೆ! ಕೈ ಮೇಲೆ!" ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಅಷ್ಟರಲ್ಲಿ ಡ್ರೈವರನ ಎಡಗೈ ಕನ್ನಪ್ಪನ ಬಲಗಣ್ಣಿಗೆ ಬಿದ್ದಿತ್ತು.

ನನ್ನ ಸಿಟ್ಟಿಗಿಷ್ಟು ಬೆಂಕಿ ಹಾಕ. ರಕ್ತ ಸುರಿಸುತ್ತಾ ಕೂತಿದ್ದವನ ಕೆನ್ನೆಗೆ ಎಲ್ಲರೆದುರೂ ಬಾರಿಸಿದೆ. "ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ವಲ್ಲೋ ದರಿದ್ರದವ್ನೆ!" ಎಂದೆ.

ಆ ಕಣ್ಣು ಮತ್ತೆ ಬರುವುದಿಲ್ಲ ಎಂದು ಸಾಗರದ ಡಾಕ್ಟರು ಹೇಳಿದರು. ಖಾಯಂ ಕೆಲಸ, ಮನೆ ಎರಡೂ ಗೆದ್ದ ಡ್ರೈವರನ ಪಾಲಾದವು. ಒಂಟಿಗಣ್ಣಿನಲ್ಲಿ ಸುತ್ತಿಗೆ ಗುರಿ ತಪ್ಪಿ ಬೆರಳಿಗೇ ಬೀಳುತ್ತಿತ್ತು. ಜಲ್ಲಿಯ ಕೆಲಸವೂ ಹೋಯಿತು.

ಮುಖ ತೋರಿಸಲು ನನಗೆ ನಾಚಿಕೆ. ಮೇ ತಿಂಗಳಲ್ಲಿ ಹೇಗೋ ಧೈರ್ಯ ಮಾಡಿ ಅವನ ಮನೆಗೆ ಹೋದೆ. ಅವನ ತಾಯಿ ಗುತ್ಯಮ್ಮ, ಮನೆ ಬಿಡಲೆಂದು ಮಾಡಿನಿಂದ ಇಳಿಸಿದ ಹೆಂಚುಗಳನ್ನು ಜೋಡಿಸುತ್ತಿದ್ದಳು.

"ಸೋತೋನಿಗೆ ಕೈ ಕೊಡ್ಬೇಕು ಅಂತ ಕಲ್ಸಿದ್ದು ನಾನು ಕಣ್ರಾ" ಅಂದಳು. "ಹೊಡಿಯೋದಿದ್ರೆ ನಂಗೆ ಹೊಡಿಬೇಕಿತ್ತು. ಅವ್ನಿಗ್ಯಾಕೆ ಹೊಡದ್ರಿ?"

ನಾನು ಬಗ್ಗಿ ಒಂದು ಹೆಂಚು ಎತ್ತಿ ಅವಳ ಕೈಗೆ ಕೊಟ್ಟೆ. ಕಣ್ಣು ತುಂಬಿಬಂತು.

"ಬಿಡವ್ವ" ಎನ್ನುತ್ತಾ ಕನ್ನಪ್ಪ ಒಳಗಿಂದ ಬೆಲ್ಲ, ನೀರು ತಂದ. "ಸಾರ್, ಆವತ್ತಿನ ಬಲಗೈ ಏಟು ಸರಿ ಇತ್ತಾ?"

"ಸರಿ ಇತ್ತು ಕಣೋ. ಅಂಥದ್ದು ನಂಗೂ ಯಾವತ್ತೂ ಬಿದ್ದಿರ್ಲಿಲ್ಲ."

ಅವನ ಮುಖ ಅರಳಿತು. ನೀರಿನ ಲೋಟವನ್ನು ಬಲಗೈಯಲ್ಲಿ ನನ್ನತ್ತ ಚಾಚಿದ. ಅದು ನನ್ನ ಕೈಯಿಂದ ಒಂದು ಗೇಣು ಆಚೆಗೆ ಹೋಯಿತು. ಅವನಿಗೆ ಗೊತ್ತಾಗದ ಹಾಗೆ ನಾನೇ ಕೈಯನ್ನು ಅಲ್ಲಿಗೆ ಸರಿಸಿ ಲೋಟ ಹಿಡಿದುಕೊಂಡೆ.