ಬಿಗಿದ ಗಂಟು

ಪಾರ್ಸೆಲ್ ಕಚೇರಿಯಲ್ಲಿ ಮೂಟೆ ಕಟ್ಟಿ ಕಟ್ಟಿಯೇ ಕೂದಲು ನರೆತವನಿಗೆ ಮನೆಯ ಸೂಟ್‌ಕೇಸ್ ಒಂದು ಲೆಕ್ಕವೇ? ಆದರೆ ಮೊದಲ ವಿದೇಶ ಪ್ರವಾಸದ ಹುರುಪಿನಲ್ಲಿ ಮನೆಮಂದಿ ಅವನ ಪ್ರಾಣ ಹಿಂಡುತ್ತಿದ್ದರು. ಟೇಪು ಸುತ್ತಿದ ಕೂಡಲೇ ಮಗಳಿಗೆ ಚಾರ್ಜರ್ ಬೇಕಾಯಿತು. ಬಿಚ್ಚಿ, ಕೊಟ್ಟು, ಮತ್ತೆ ಸುತ್ತಿದರೆ ಅತ್ತೆಗೆ ಶಾಲು ನೆನಪಾಯಿತು.

"ಹಾಗೇ ಒಂಚೂರು ಬಿಚ್ಚಿಬಿಡಿ ಅಳಿಯಂದ್ರೆ."

"ಇದೇನು ಹೂವಿನ ಪೊಟ್ಟಣಾನಾ ಅತ್ತೆ, ಒಂಚೂರು ಬಿಚ್ಚೋಕೆ?"

ಶಾಲು ತೆಗೆದುಕೊಟ್ಟ. ಅಷ್ಟರಲ್ಲಿ ಹೆಂಡತಿ ಗಾಜಿನ ಜೇನು ಬಾಟಲಿ ತಂದು ಮುಂದಿಟ್ಟಳು. ಅವನಿಗೆ ಪಿತ್ತ ನೆತ್ತಿಗೇರಿತು. ಬಾಟಲಿ ಒಡೆಯದಿರಲೆಂದು ಕೈಗೆ ಸಿಕ್ಕ ಬಟ್ಟೆ ಸುತ್ತಿ ಒಳಗೆ ತುರುಕಿ, ಕಚೇರಿಯ ಪದ್ಧತಿಯಂತೆ ಉದ್ದಕ್ಕೂ ಅಡ್ಡಕ್ಕೂ ಟೇಪು ಬಿಗಿದು, ಮೇಲೆ ಹಗ್ಗದ ಗಂಟು ಜಡಿದ.

"ಇನ್ಮೇಲೆ ಬಿಚ್ಚು ಅಂತ ಯಾರಾದ್ರೂ ಉಸಿರೆತ್ತಿದ್ರೆ ನಾನು ಬರೋದೇ ಇಲ್ಲ. ನೀವೇ ಹೋಗ್ಬನ್ನಿ!"

ಹೊರಗೆ ಟ್ಯಾಕ್ಸಿ ಹಾರ್ನ್ ಹೊಡೆಯಿತು. ಟವೆಲ್ ಸುತ್ತಿಕೊಂಡಿದ್ದ ಅವನು ಕುರ್ಚಿಯ ಮೇಲೆ ಇಸ್ತ್ರಿ ಮಾಡಿಟ್ಟಿದ್ದ ಪ್ಯಾಂಟಿಗೆ ಕೈ ಚಾಚಿದ. ಕುರ್ಚಿ ಖಾಲಿಯಿತ್ತು. ಉಳಿದ ಪ್ಯಾಂಟುಗಳೆಲ್ಲ ಮೊದಲೇ ಒಳಗೆ ಹೋಗಿದ್ದವು. ಇದ್ದ ಇದೊಂದೂ ಈಗ ಜೇನು ಬಾಟಲಿಯನ್ನು ಅಪ್ಪಿಕೊಂಡು ಬೆಚ್ಚಗೆ ಮಲಗಿತ್ತು.

ಯಾರೂ ಉಸಿರೆತ್ತಲಿಲ್ಲ. ಹೆಂಡತಿ ಕತ್ತರಿ ತಂದು ಅವನ ಮುಂದೆ ಹಿಡಿದಳು.