ಏಳು ಹಳ್ಳಗಳ ಪಟ್ಟೆ

"ಅದು ಹಳೇ ಬಂಡಿದಾರಿ ಕಣಮ್ಮ" ಎಂದು ಹಿರಿಯ ಇಂಜಿನಿಯರು ಮರಳುಗಾಡಿನ ಚಿತ್ರದ ಮೇಲೆ ಪೆನ್ನಿಟ್ಟರು. ಉಪಗ್ರಹ ತೆಗೆದ ಆ ಚಿತ್ರದಲ್ಲಿ ಮರಳದಿಣ್ಣೆಗಳು ಮುಗಿದು ಬೆಟ್ಟ ಶುರುವಾಗುವ ಕಡೆ ಒಂದು ನೆಟ್ಟನೆಯ ಗೆರೆ ಹಾದುಹೋಗಿತ್ತು. ಮೂರು ಊರಿಗೆ ನೀರುಣಿಸುವ ಟ್ಯಾಂಕು ಆ ಗೆರೆಯ ಮೇಲೇ ಬರುವುದಿತ್ತು. ಅವರ ಸಹಿಯೊಂದೇ ಬಾಕಿ.

ಅದು ದಾರಿಯಲ್ಲ, ನೆಲವೇ ಸೀಳಿ ಜರುಗಿದ ಬಿರುಕು, ಇನ್ನೊಮ್ಮೆ ಜರುಗಿದರೆ ಟ್ಯಾಂಕು ಇಬ್ಭಾಗವಾಗುತ್ತದೆ ಎಂದು ನಕ್ಷೆಗಾರ್ತಿ ಮೂರನೆಯ ಸಲ ಹೇಳಿದಳು. ಕೇಳುವವರು ಯಾರು? ಹೋದ ವರ್ಷ ಚಿತ್ರವನ್ನು ತಲೆಕೆಳಗಾಗಿಟ್ಟುಕೊಂಡು, ನೆರಳಿನ ದಿಕ್ಕು ತಪ್ಪಿ, ಗುಡ್ಡವನ್ನು ಗುಂಡಿಯೆಂದು ಗುರುತಿಸಿದ್ದಳು. ಅಂದಿನಿಂದ ಕಚೇರಿಗೆಲ್ಲ ಅವಳು 'ಗುಂಡಿಯಕ್ಕ'. ಆ ಹೆಸರಿಟ್ಟ ಗುಮಾಸ್ತ ಈಗಲೂ ಬಾಗಿಲ ಬಳಿ ಮುಸಿಮುಸಿ ನಗುತ್ತಿದ್ದ. ಅವಳಿಗೆ ನಾಚಿಕೆಗಿಂತ ಸಿಟ್ಟೇ ಹೆಚ್ಚಾಯಿತು.

ಅವಳ ಚೀಲದಲ್ಲಿ ಅಮ್ಮನ ಕತ್ತರಿಯಿತ್ತು. ಅಮ್ಮ ಬಟ್ಟೆ ಹೊಲಿಯುವವಳು. ಬೆಳಿಗ್ಗೆಯಷ್ಟೇ ಅದಕ್ಕೆ ಸಾಣೆ ಹಿಡಿಸಿಕೊಂಡು ಬಂದದ್ದು. ಬಟ್ಟೆಗಲ್ಲದೆ ಬೇರೆ ಯಾವುದಕ್ಕೂ ಬಳಸಬಾರದೆಂದು ಅಮ್ಮನ ಕಟ್ಟಪ್ಪಣೆ. ಇವಳು ಹಿಂದೆಮುಂದೆ ನೋಡದೆ ಚಿತ್ರವನ್ನು ಗೆರೆಯುದ್ದಕ್ಕೂ ಕತ್ತರಿಸಿಯೇಬಿಟ್ಟಳು. ಗುಮಾಸ್ತನ ನಗು ನಿಂತಿತು.

ಬೆಟ್ಟದಿಂದಿಳಿದು ಗೆರೆ ದಾಟುವ ಒಣಹಳ್ಳಗಳ ಮೇಲಿನ ಭಾಗಗಳು ಕೆಳಗಿನವಕ್ಕೆ ನೇರ ಸೇರುತ್ತಿರಲಿಲ್ಲ, ಅವಸರದಲ್ಲಿ ಪಟ್ಟೆ ಕೂಡಿಸದೆ ಹೊಲಿದ ಬಟ್ಟೆಯ ಹಾಗೆ. ಅವಳು ಕೆಳಗಿನ ತುಂಡನ್ನು ಎಡಕ್ಕೆ ಒಂದು ಹೆಬ್ಬೆರಳಿನಷ್ಟು ಸರಿಸಿದಳು. ಒಂದಲ್ಲ ಎರಡಲ್ಲ, ಏಳು ಹಳ್ಳಗಳೂ ಒಟ್ಟಿಗೇ ಕೂಡಿದವು.

"ದಾರಿ ಹಳ್ಳನ ದಾಟತ್ತೆ ಸರ್, ಪಕ್ಕಕ್ಕೆ ತಳ್ಳಲ್ಲ" ಎಂದಳು.

ಇಂಜಿನಿಯರು ತುಂಡನ್ನು ಹಿಂದಕ್ಕೆಳೆದರು, ಮತ್ತೆ ತಾವೇ ಸರಿಸಿ ನೋಡಿದರು. ಆಮೇಲೆ ಕೆಂಪು ಪೆನ್ಸಿಲ್ ತೆಗೆದು ಟ್ಯಾಂಕಿನ ಗುರುತನ್ನು ಹೊಡೆದುಹಾಕಿದರು. "ಹೊಸ ಜಾಗ ನೀವೇ ತೋರಿಸಿ" ಎಂದರು. ಆವರೆಗೆ ಅವಳಿಗೆ 'ನೀವು' ಎಂದವರಲ್ಲ. ಗುಮಾಸ್ತ ತೆಪ್ಪಗೆ ಕುರ್ಚಿ ತಂದಿಟ್ಟ. ಅವಳು ರಾಣಿಯ ಹಾಗೆ ಕೂತಳು.

ಸಂಜೆ ಅಮ್ಮ ಕತ್ತರಿಯನ್ನು ಬಟ್ಟೆಯ ಅಂಚಿಗೆ ಹಿಡಿದು ನೋಡಿದ್ದೇ ತಡ, ಅಲಗು ಮೊಂಡಾದದ್ದು ತಿಳಿದು ಕಳ್ಳತನ ಹೊರಬಿತ್ತು. "ಕಾಗದ ಕತ್ತರಿಸಿದೀಯ ಅಲ್ವೇನೆ?"

ಮಗಳು ಕಚೇರಿಯಿಂದ ತಂದಿದ್ದ ಚಿತ್ರದ ಎರಡು ತುಂಡನ್ನೂ ಹೊಲಿಗೆ ಯಂತ್ರದ ಹಲಗೆಯ ಮೇಲೆ ಮೊದಲಿದ್ದಂತೆಯೇ ಜೋಡಿಸಿಟ್ಟು, ಎಲ್ಲಿಂದ ಶುರುಮಾಡಲಿ ಎಂದು ಯೋಚಿಸುತ್ತಿದ್ದಳು. ಅಮ್ಮ ಬೈಯುತ್ತಲೇ ಕನ್ನಡಕ ಏರಿಸಿಕೊಂಡು ಚಿತ್ರದ ಮೇಲೆ ಬಾಗಿದಳು. ಬೈಗುಳ ಅರ್ಧಕ್ಕೇ ನಿಂತಿತು. ಹೆಬ್ಬೆರಳಿನಿಂದ ಕೆಳಗಿನ ತುಂಡನ್ನು ಎಡಕ್ಕೆ ಸರಿಸಿ, ಏಳೂ ಪಟ್ಟೆ ಕೂಡಿದವೆಂದು ನೋಡಿಕೊಂಡು, ಸೆರಗಿಗೆ ಸಿಕ್ಕಿಸಿಕೊಂಡಿದ್ದ ಗುಂಡುಸೂಜಿಯನ್ನು ಅಲ್ಲಿಗೆ ಚುಚ್ಚಿದಳು.