ಬಾಯಿ ಆಡಿಸುವ ಕೆಲಸ

ವಾಸು ಕೈಗಿತ್ತ ಮೈಕ್ ತೀರ ಹಗುರವಾಗಿತ್ತು. ಲೋಲಾಕ್ಷಿ ಅದನ್ನು ಮೇಲೆ ಕೆಳಗೆ ತಿರುಗಿಸಿ ನೋಡಿದಳು. ಗ್ರೀನ್‌ರೂಮಿನ ಮೂಲೆಯಲ್ಲಿ ಕೂತಿದ್ದ ಚಂದ್ರಾಮ ಎದ್ದು ಬಂದು, ಅದರ ಬುಡ ತಿರುವಿ ಬಿಚ್ಚಿ ತೋರಿಸಿದ.

"ಅಕ್ಕಾರ, ಇದ್ರಾಗ ಸೆಲ್ಲೇ ಇಲ್ರೀ. ನನ್ನ ರಿದಮ್ ಪ್ಯಾಡಿಗೂ ವೈರ್ ಹಚ್ಚಿಲ್ಲ. ಒಂದ್ ತಾಸು ಕೈ ಆಡಸೂದು, ಊಟ ಮಾಡೂದು, ಮನೀಗ್ ಹೋಗೂದು."

ಚಂದ್ರಾಮ ವಾಸುವಿನ ಆರ್ಕೆಸ್ಟ್ರಾದಲ್ಲಿ ಹನ್ನೆರಡು ವರ್ಷ ಢೋಲಕ್ ಬಾರಿಸಿದವನು. ಈ ಸಲ ಢೋಲಕ್ ತರಬೇಡ, ಪ್ಯಾಡಿನ ಮುಂದೆ ಬಾರಿಸುವಂತೆ ಕೂತರೆ ಸಾಕು ಎಂದು ಅವನಿಗೆ ಮೊದಲೇ ಹೇಳಿಯಾಗಿತ್ತು. ಲೋಲಾಕ್ಷಿಗೆ ಮಾತ್ರ ಯಾರೂ ಏನೂ ಹೇಳಿರಲಿಲ್ಲ.

"ವಾಸಣ್ಣ, ಇದೆಂಥದು?"

"ಕೋಪ ಮಾಡ್ಬೇಡಿ ಲೋಲಕ್ಕಾ. ಹಾಲ್ ನಮ್ಗೆ ಎರಡು ಗಂಟೆವರೆಗೆ ಮಾತ್ರ. ಭಾಷಣ, ಸನ್ಮಾನ ಮುಗಿಯುವಾಗ್ಲೇ ಹನ್ನೆರಡೂವರೆ ಆಗ್ತದೆ. ಐದು ಮಂದಿ ವಾದ್ಯದವರನ್ನು ಕೂರಿಸಿ ಸೌಂಡ್ ಸರಿ ಮಾಡ್ಲಿಕ್ಕೇ ಎರಡು ತಾಸು ಬೇಕು. ಅದರ ಬಾಡಿಗೆ ಯಾರು ಕೊಡ್ತಾರೆ? ಕನ್ನಡ ಸಂಘದವರು ನಾಲ್ಕು ವರ್ಷದಿಂದ ಒಂದೇ ರೇಟು ಮಾರಾಯ್ರೆ. ಊಟಕ್ಕೆ ಮಾತ್ರ ಎರಡು ಬಗೆ ಸ್ವೀಟು. ಹಾಗಾಗಿ ಎಲ್ಲ ಪೆನ್ ಡ್ರೈವಿನಲ್ಲಿ ಉಂಟು."

"ಹೋದ ವಾರದ ರೆಕಾರ್ಡಿಂಗಾ? ಅದು ಕೇಬಲ್ ಟಿವಿಯವರಿಗೆ ಅಂದಿರಲ್ಲ?"

"ನಿಜ ಹೇಳಿದ್ರೆ ನೀವು ಬರ್ತಿದ್ರಾ?"

"ಅವತ್ತು ನಂಗೆ ಶೀತ ಇತ್ತು. ಚರಣದಲ್ಲಿ ಮೇಲಿನ ಸ್ವರ ಹತ್ಲೇ ಇಲ್ಲ. ನೀವೇ ಕೇಳಿದ್ದೀರಿ."

"ಮಿಷನ್ನಿನಲ್ಲಿ ಸರಿ ಮಾಡಿದ್ದಾರೆ. ಯಾರಿಗೆ ಗೊತ್ತಾಗ್ತದೆ? ನೀವು ಚಂದಕ್ಕೆ ಬಾಯಿ ಆಡಿಸಿ, ಸಾಕು. ದೊಡ್ಡ ದೊಡ್ಡವರೇ ಆಡಿಸ್ತಾರೆ."

ವಾಸು ಹಾರಗಳನ್ನು ಹುಡುಕುತ್ತ ಹೊರಟುಹೋದ. ಲೋಲಾಕ್ಷಿ ಕನ್ನಡಿಯ ಮುಂದೆ ಕೂತಳು. ಮಹಾಪೆಯಲ್ಲಿ ಗಂಡ ಜಯಶೀಲ ನಡೆಸುವ ಕ್ಯಾಂಟೀನಿನ ಕೌಂಟರಿನಲ್ಲಿ ಅವಳು ಬೆಳಗ್ಗಿನಿಂದ ಸಂಜೆಯವರೆಗೆ ಅಡುಗೆಮನೆಯತ್ತ ಆರ್ಡರು ಕೂಗುತ್ತಾಳೆ. ಶೀತ ಬಿಟ್ಟ ಮೇಲೆ, ಇವತ್ತಿನ ಹಾಡಿಗೆ ಗಂಟಲು ಉಳಿಯಲೆಂದು, ಐದು ದಿನ ಕೂಗಿರಲಿಲ್ಲ. ಎರಡು ಇಡ್ಲಿ, ಒಂದು ವಡೆ ಎಂದು ಚೀಟಿಯಲ್ಲಿ ಬರೆದು ಒಳಗೆ ಕಳಿಸಿದ್ದಳು. "ಇವ್ಳಿಗೆ ಮೌನವ್ರತ, ಗಿರಾಕಿಗಳಿಗೆ ಉಪವಾಸ" ಎಂದು ಜಯಶೀಲ ಎಲ್ಲರೆದುರು ನಗಾಡಿದ್ದ. ನಗಲಿ ಎಂದುಕೊಂಡಿದ್ದಳು. ವರ್ಷದಲ್ಲಿ ನಾಲ್ಕು ಸಲ ವೇದಿಕೆ, ಪ್ರತಿ ಸಲ ಎರಡೇ ಹಾಡು. ಅಷ್ಟು ಹೊತ್ತು ಅವಳ ಗಂಟಲಿನಿಂದ ಇಡ್ಲಿ, ವಡೆಯಲ್ಲದ ಬೇರೇನೋ ಹೊರಡುತ್ತಿತ್ತು. ಇಂದು ಬೆಳಗ್ಗೆ ಕೋಪರ್‌ಖೈರಣೆಯ ಮನೆಯಲ್ಲಿ, ಕುಕ್ಕರಿನ ಸದ್ದಿನ ನಡುವೆಯೂ ಆ ಸ್ವರ ಸಲೀಸಾಗಿ ಹತ್ತಿತ್ತು. ಈಗ ಆ ಕಟ್ಟಿದ ಮೂಗಿನ ದನಿಯನ್ನೇ ನಾನೂರು ಜನರಿಗೆ ಕೇಳಿಸಿ, ಇದು ಲೋಲಾಕ್ಷಿ ಎನ್ನುತ್ತಾರೆ. ಹೌದೆನ್ನುವಂತೆ ಅವಳೇ ನಿಂತು ತುಟಿ ಆಡಿಸಬೇಕು.

ಎದ್ದು ಮನೆಗೆ ಹೋಗಬಹುದಿತ್ತು. ಹೋದರೂ ಪೆನ್ ಡ್ರೈವ್ ಹಾಡುತ್ತದೆ, ಅವಳ ಜಾಗದಲ್ಲಿ ಇನ್ಯಾರನ್ನೋ ನಿಲ್ಲಿಸುತ್ತಾರೆ ಎಂಬುದು ಹೊಳೆದಾಗ ಅವಳು ಆ ಹಗುರ ಮೈಕನ್ನೇ ಹಿಡಿದು ವೇದಿಕೆಗೆ ಹೋದಳು.

ಪರದೆ ಸರಿಯಿತು. ಹಳೆಯ ಸಿನಿಮಾ ಹಾಡು. ಪಲ್ಲವಿ ದಾಟಿತು. ಚರಣದಲ್ಲಿ ಆ ಸ್ವರ ಬಂದಾಗ ಅಭ್ಯಾಸಬಲದಿಂದ ಅವಳ ಎದೆ ತುಂಬಿತು, ಬಾಯಿ ಅಗಲವಾಗಿ ತೆರೆಯಿತು. ಸ್ಪೀಕರಿನಿಂದ ಮಾತ್ರ ತಗಡನ್ನು ಎಳೆದಂಥ ಸಣ್ಣ ದನಿ ಬಂತು. ಯಾರೂ ನಗಲಿಲ್ಲ. ಹಾಡು ಮುಗಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಕ್ಕಿದ್ದರೇ ವಾಸಿಯಿತ್ತು. ಇದಕ್ಕೂ ಚಪ್ಪಾಳೆಯೇ?

"ಒನ್ಸ್ ಮೋರ್!" ಹಿಂದಿನಿಂದ ಯಾರೋ ಕೂಗಿದರು. ಸಂಘದ ಕಾರ್ಯಕ್ರಮದಲ್ಲಿ ಹಾಗೆ ಕೂಗಿದರೆ ಮತ್ತೆ ಹಾಡುವುದು ಮೊದಲಿನಿಂದಲೂ ಇದ್ದ ಪದ್ಧತಿ. ವಾಸು ಪಕ್ಕದ ಪರದೆಯ ಮರೆಯಿಂದ ಕೈಸನ್ನೆ ಮಾಡಿದ. ಅದೇ ಹಾಡು, ಅದೇ ಉಸಿರಿನ ಸಮೇತ, ಪುನಃ ಶುರುವಾಯಿತು.

ಲೋಲಾಕ್ಷಿ ತುಟಿ ಬಿಚ್ಚಲಿಲ್ಲ.

ಸ್ಪೀಕರಿನಲ್ಲಿ ಅವಳು ಹಾಡುತ್ತಿದ್ದಳು, ವೇದಿಕೆಯ ಮೇಲೆ ಬಾಯಿ ಮುಚ್ಚಿ ನಿಂತಿದ್ದಳು. ಮುಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು, ಆಮೇಲೆ ನಗು.

"ಬಾಯಿ ಆಡಿಸಿ! ಮರ್ಯಾದೆ ತೆಗೀಬೇಡಿ ಮಾರಾಯ್ರೆ!" ವಾಸು ಮರೆಯಿಂದಲೇ ಹಲ್ಲು ಕಚ್ಚಿ ಹೇಳಿದ.

"ಯಾರದ್ದು ವಾಸಣ್ಣ?" ಎಂದಳು ಅವಳು, ತಿರುಗಿ ನೋಡದೆ. ಮೈಕನ್ನು ನೆಲದ ಮೇಲಿಟ್ಟು ವೇದಿಕೆಯ ಅಂಚಿಗೆ ನಡೆದಳು.

ಹಾಡು ಅರ್ಧಕ್ಕೆ ನಿಂತಿತು. ವಾಸು ಪರದೆ ಎಳೆಸಿಯೇಬಿಟ್ಟ. ಅದು ಅವಳ ಬೆನ್ನ ಹಿಂದೆ ಮುಚ್ಚಿಕೊಂಡಿತು. ಲೋಲಾಕ್ಷಿ ಕಣ್ಣು ಮುಚ್ಚಿ ಪಲ್ಲವಿ ಎತ್ತಿಕೊಂಡಳು.

"ಆಂಟೀ, ಮೈಕ್ ಲೋ ನಾ!" ಮೈಕ್ ತೆಗೆದುಕೊಳ್ಳಿ ಎಂದು ಹುಡುಗನೊಬ್ಬ ಹಿಂದಿಯಲ್ಲಿ ಕೂಗಿದ.

"ಕೇಳ್ಸೂದಿಲ್ಲ!" ಎಂದಿತು ಮತ್ತೊಂದು ದನಿ.

ಅವಳು ನಿಲ್ಲಿಸಿದಳು. "ಇಷ್ಟು ಹೊತ್ತು ಕೇಳಿದ್ದು ಮಿಷನ್ನು. ನಾನು ಹಾಡುವುದು ಈಗ. ಬೇಕಾದವರು ಮುಂದೆ ಬನ್ನಿ. ಉಳಿದವರಿಗೆ ಊಟ ರೆಡಿ ಉಂಟು."

ಬಹಳ ಜನ ನಿಜಕ್ಕೂ ಊಟಕ್ಕೆ ಎದ್ದರು. ಅಧ್ಯಕ್ಷರು ಶಾಲು ಮಡಿಸಿಕೊಂಡು ಮೊದಲೇ ಹೊರಟರು. ಪರದೆಯ ಬುಡ ಎತ್ತಿ ಚಂದ್ರಾಮ ತೆವಳಿ ಬಂದ, ಒಂದು ಪ್ಲಾಸ್ಟಿಕ್ ಕುರ್ಚಿಯನ್ನೂ ಎಳೆದುಕೊಂಡು. ಅದನ್ನು ಬೋರಲು ಹಾಕಿ ತಟ್ಟಿ ನೋಡಿದ.

"ಹಾಡ್ರೀ ಅಕ್ಕಾರ. ನನಗೂ ಮುಂದಿನ ಸಲ ಕರಿಯೂದಿಲ್ಲ, ನಿಮಗೂ ಕರಿಯೂದಿಲ್ಲ. ಚಿಂತೀನ ಇಲ್ಲ."

ಚರಣ ಬಂತು. ಮೊದಲ ಸಲ ದನಿ ಒಡೆಯಿತು. ಅವಳು ಉಗುಳು ನುಂಗಿ, ಅದೇ ಸಾಲನ್ನು ಪುನಃ ಹಿಡಿದಳು. ಸ್ವರ ಹತ್ತಿತು, ನಿಂತಿತು.

ಕಣ್ಣು ಬಿಟ್ಟಾಗ ಸಭಾಂಗಣದ ಮುಕ್ಕಾಲು ಪಾಲು ಖಾಲಿಯಾಗಿತ್ತು. ಹಿಂದಿನ ಸಾಲುಗಳಿಂದ ಮೂವತ್ತೋ ನಲವತ್ತೋ ಮಂದಿ, ಚಪ್ಪಲಿ ಸದ್ದಾಗದಂತೆ, ಒಬ್ಬೊಬ್ಬರೇ ಮುಂದಕ್ಕೆ ಬರುತ್ತಿದ್ದರು. ಮುಂದಿನ ಸಾಲುಗಳು ತುಂಬುತ್ತಿದ್ದಂತೆ ಎರಡನೆಯ ಸಾಲಿನ ಹೆಂಗಸೊಬ್ಬಳು ಪಕ್ಕದ ಕುರ್ಚಿಯಲ್ಲಿ ನಿದ್ದೆಹೋಗಿದ್ದ ಮಗುವನ್ನು ಮೆಲ್ಲನೆ ಎತ್ತಿ ಮಡಿಲಿಗೆ ಹಾಕಿಕೊಂಡು, ಬಂದವರಿಗೆ ಆ ಕುರ್ಚಿಯನ್ನು ಖಾಲಿ ಮಾಡಿಕೊಟ್ಟಳು.